ಶಾಲು, ಸೋಫಾ ಮತ್ತು ಸ್ವಲ್ಪ ಸಂಗೀತ

ಬಯಲಿನಲ್ಲಿ ಕೂತು ರಾತ್ರಿಯಿಡೀ ಹಾಡು ಕೇಳುವುದನ್ನು ಬೀದರ್ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಭಜನೆ, ಕವ್ವಾಲಿ, ಮೊಹರಂ ಪದ ಅಂತ ವರ್ಷದಲ್ಲಿ ಎಷ್ಟು ರಾತ್ರಿ ನಿದ್ದೆಗೆಟ್ಟರೂ ಮರುದಿನ ಮುಂಜಾನೆ ತೊಗರಿ ಹೊಲದಲ್ಲಿ ಹಾಜರಿರುವ ಜನ ನಾವು. ನಾವೀಗ ಕಲಿಯಬೇಕಾಗಿರುವ ವಿದ್ಯೆ ಬೇರೆ: ಹಾಡು ಶುರುವಾಗುವ ತನಕ ಜೀವ ಹಿಡಿದುಕೊಂಡಿರುವುದು ಹೇಗೆ? ಈ ವಿದ್ಯೆ ಕಲಿಸುವ ಬಯಲು ವಿಶ್ವವಿದ್ಯಾಲಯಕ್ಕೆ ಸರ್ಕಾರ ಉತ್ಸವ ಎಂದು ಹೆಸರಿಟ್ಟಿದೆ.

ಹಂಪಿಗೊಂದು, ಬನವಾಸಿಗೊಂದು, ಕಿತ್ತೂರಿಗೊಂದು, ಲಕ್ಕುಂಡಿಗೊಂದು ಉತ್ಸವ. ರಾಜರು ಬೇರೆ ಬೇರೆ, ಶಾಮಿಯಾನ ಒಂದೇ. ನಮ್ಮ ಪಾಲಿಗೆ ಬಂದದ್ದು ಬೀದರ್ ಉತ್ಸವ. ಹಲವು ವರ್ಷ ಸುಮ್ಮನಿದ್ದ ಅದು 2023ರ ಜನವರಿ 7, 8, 9ರಂದು, ಅಂದರೆ ಶನಿವಾರದಿಂದ ಸೋಮವಾರದವರೆಗೆ, ಬಹಮನಿಗಳ ಕೋಟೆಯಲ್ಲಿ ಮತ್ತೆ ಎದ್ದು ಕೂತಿತು. ಈ ಬರಹ ಆ ಮೂರು ದಿನದ ವರದಿಯಲ್ಲ. ನಾಡಿನ ಇಡೀ ಉತ್ಸವ ಕುಲದ ಕುಂಡಲಿ. ಯಾರಾದರೂ ಇದರಲ್ಲಿ ತಮ್ಮ ಜಿಲ್ಲೆಯ ಮುಖ ಕಂಡರೆ ಅದು ಆ ಜಿಲ್ಲೆಯ ಭಾಗ್ಯ. ಬಗದಲ್, ಭಾಲ್ಕಿ, ಔರಾದ್ ಕಡೆಯಿಂದ ಮುಂದಿನ ಸಲ ಕೋಟೆಗೆ ಹೊರಡುವವರಿಗೆ ಉಪಯೋಗವಾಗಲಿ ಎಂದು ಕೆಲವು ಕಿವಿಮಾತು.

ಮೊದಲು ಆಮಂತ್ರಣ ಪತ್ರಿಕೆ ಓದುವ ಕ್ರಮ. ಅದನ್ನು ಎಂದೂ ಮುಂದಿನಿಂದ ಓದಬಾರದು. ಮುಂದಿನಿಂದ ಓದಿದರೆ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ವಿಶೇಷವಾಗಿ ಆಹ್ವಾನಿಸದಿದ್ದರೂ ಬೇಸರ ಮಾಡಿಕೊಳ್ಳಬಾರದವರು ಎಂದು ಪುಟದ ಮೇಲೆ ಪುಟ ಸರಿಯುತ್ತದೆ. ಇದು ಹಾಡಿನ ಕಾರ್ಯಕ್ರಮವೋ ವಿಧಾನಸಭೆಯ ವಿಶೇಷ ಅಧಿವೇಶನವೋ ಎಂಬ ಅನುಮಾನ ಬರುತ್ತದೆ. ಹಾಡುವವರು ಇರುವುದು ಕೊನೆಯ ಪುಟದಲ್ಲಿ, ಮುದ್ರಣಾಲಯದ ಹೆಸರಿನ ಒಂದು ಗೆರೆ ಮೇಲೆ. ಅದರಲ್ಲೂ ಮುಂಬೈ, ಬೆಂಗಳೂರಿನವರಿಗೆ ಫೋಟೊ ಇರುತ್ತದೆ. ನಮ್ಮ ಜಿಲ್ಲೆಯವರಿಗೆ ‘ಹಾಗೂ ಸ್ಥಳೀಯ ಕಲಾವಿದರಿಂದ’ ಎಂಬ ಎರಡೂವರೆ ಪದ. ಮೂವತ್ತು ವರ್ಷ ತತ್ವಪದ ಹಾಡಿದ ಮುದುಕನ ಹೆಸರು ‘ಹಾಗೂ’ ಎಂಬುದರೊಳಗೆ ಬೆಚ್ಚಗೆ ಮಲಗಿರುತ್ತದೆ.

ಎರಡನೆಯದು ಪಾಸು. ಇದರ ತತ್ವವನ್ನು ಬಗದಲ್‌ನ ಛಾದಂಗಡಿಯಲ್ಲಿ ಕಾಕಾ ಒಬ್ಬರು ಮೂರೇ ಪ್ರಶ್ನೆಯಲ್ಲಿ ಬಿಡಿಸಿದರು.

“ಪಾಸ್ ಸಿಕ್ತೇನೋ ತಮ್ಮಾ?”

“ಇಲ್ರಿ ಕಾಕಾ. ಸಾರ್ವಜನಿಕರಿಗಿ ಪಾಸ್ ಬೇಕಾಗಿಲ್ಲಂತ. ಹಂಗೇ ಒಳಗ ಬಿಡ್ತಾರಂತ.”

“ಹಂಗಾದ್ರ ಪಾಸ್ ಯಾರಿಗಿ?”

“ಸಾರ್ವಜನಿಕರು ಅಲ್ದವರಿಗಿ.”

ಕಾಕಾ ಛಾ ಮುಗಿಸಿ ಬಸಿ ಕೆಳಗಿಟ್ಟರು. “ಸಾರ್ವಜನಿಕರು ಅಲ್ದವರು ಅಷ್ಟು ಮಂದಿ ಇದ್ದಾರ?” ಇದ್ದಾರೆ. ವಿವಿಐಪಿ, ವಿಐಪಿ, ಅವರ ಮನೆಯವರು, ಅವರ ಮನೆಯವರ ಬೀಗರು, ಬೀಗರ ಗಾಡಿ ಓಡಿಸುವವರು. ಈ ನಾಡಿನಲ್ಲಿ ಮಳೆ ಎಷ್ಟು ಬೀಳುತ್ತದೆಂದು ಹೇಳುವುದು ಕಷ್ಟ. ಉತ್ಸವದ ಹಿಂದಿನ ಸಂಜೆ ಎಷ್ಟು ಜನ ಗಣ್ಯರಾಗಿ ಬದಲಾಗುತ್ತಾರೆಂದು ಹೇಳುವುದು ಇನ್ನೂ ಕಷ್ಟ.

ಮೂರನೆಯದು ಒಳಹೋಗುವುದು. ಬೀದರ್ ಕೋಟೆಯ ಬಾಗಿಲುಗಳನ್ನು ಕಟ್ಟಿದವರು ಬುದ್ಧಿವಂತರು. ದಾರಿ ನೇರ ಇದ್ದರೆ ಶತ್ರುವಿನ ಆನೆ ಓಡಿ ಬಂದು ಗುದ್ದುತ್ತದೆಂದು ಅದನ್ನು ಬಾಗಿಸಿ, ತಿರುಗಿಸಿ, ಒಂದಾದ ಮೇಲೆ ಒಂದು ದರವಾಜಾ ಇಟ್ಟರು. ಹುಲಿಗಳ ಚಿತ್ರವಿರುವ ಶರ್ಜಾ ದರವಾಜಾ 1503ರದ್ದು. ಅದನ್ನು ದಾಟಿದರೆ ಗುಂಬದ್ ದರವಾಜಾ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಕಂದಕ ಕೆಲವೆಡೆ ಮೂರು ಸಾಲು. ಇಷ್ಟೆಲ್ಲ ಇದ್ದರೂ ಔರಂಗಜೇಬನ ಸೈನ್ಯ 1657ರಲ್ಲಿ ಒಳಗೆ ಬಂತು. ಆ ಸೈನ್ಯದ ಬಳಿ ಪಾಸು ಇದ್ದಿರಬೇಕು. ನಮ್ಮಂಥವರಿಗೆ ಒಂದು ತಿರುವಿನಲ್ಲಿ ಬ್ಯಾರಿಕೇಡು, ಇನ್ನೊಂದು ತಿರುವಿನಲ್ಲಿ ಹಗ್ಗ, ಮೂರನೆಯದರಲ್ಲಿ ಸೀಟಿ. ಅಷ್ಟರಲ್ಲಿ ಹಿಂದಿನಿಂದ ಕೆಂಪು ದೀಪ ಇಲ್ಲದಿದ್ದರೂ ಕೆಂಪು ದೀಪದ ಗತ್ತಿರುವ ಗಾಡಿ ಬಂದು, ಎಲ್ಲರೂ ಗೋಡೆಗೆ ಅಂಟಿಕೊಳ್ಳುತ್ತಾರೆ. ಆದ್ದರಿಂದ ಪ್ರೇಕ್ಷಕರು ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಗೋಡೆಯ ಬಣ್ಣದ ಅಂಗಿ ತೊಟ್ಟು ಬರುವುದು ಕ್ಷೇಮ.

ನಾಲ್ಕನೆಯದು ಕಾಯುವುದು. ಇದು ಉತ್ಸವದ ಮುಖ್ಯ ಕಾರ್ಯಕ್ರಮ. ಪತ್ರಿಕೆಯಲ್ಲಿ ಮಾತ್ರ ಅಚ್ಚಾಗಿರುವುದಿಲ್ಲ. “ಹಾಡು ಯಾವಾಗ ಸುರು ಮಾಡ್ತಾರಂತ?” ಎಂದು ಅದೇ ಕಾಕಾ ಕೇಳಿದ್ದರು. ಮಂತ್ರಿಗಳು ಬಂದ ಮೇಲೆ ಎಂದೆ. “ಯಾಕ, ಪೇಟಿ ಅವರೇ ಬಾರಸ್ತಾರೇನು?” ಈ ಪ್ರಶ್ನೆಗೆ ಶಿಷ್ಟಾಚಾರ ವಿಭಾಗದಲ್ಲೂ ಉತ್ತರ ಸಿಗಲಾರದು. ಗಾಯಕರು ಸಿದ್ಧ, ತಬಲಾ ಶ್ರುತಿ ಸೇರಿದೆ, ಜನ ಕೂತಿದ್ದಾರೆ, ಆದರೂ ಹಾಡುವಂತಿಲ್ಲ. ಆ ಬಿಡುವಿನಲ್ಲಿ ನಿರೂಪಕರು ತಮ್ಮ ಡೈರಿ ತೆರೆದು ಸೂರ್ಯನ ಬಗ್ಗೆ ಎರಡು, ತಾಯಿಯ ಬಗ್ಗೆ ನಾಲ್ಕು ಸಾಲು ಓದಿ, ‘ಬೀದರ್, ಚಪ್ಪಾಳೆ ಸಾಲದು!’ ಎಂದು ಗದರಿಸುತ್ತಾರೆ. ಥಂಡಿಗೆ ಕೈ ಉಜ್ಜಿಕೊಳ್ಳುತ್ತಿದ್ದ ಜನ ಅದನ್ನೇ ಸ್ವಲ್ಪ ಜೋರಾಗಿ ಉಜ್ಜಿದರೆ ಚಪ್ಪಾಳೆಯಾಗುತ್ತದೆ.

ಲೋಕದಲ್ಲಿ ಬೇರೆ ಪದ್ಧತಿಯೂ ಇದೆ. 1969ರ ಆಗಸ್ಟ್ 15ರಂದು ಅಮೆರಿಕದ ಬೆಥೆಲ್ ಎಂಬ ಊರಲ್ಲಿ, ಹೈನುಗಾರನೊಬ್ಬನ ಹೊಲದಲ್ಲಿ, ವುಡ್‌ಸ್ಟಾಕ್ ಉತ್ಸವ ಶುರುವಾಯಿತು. ಜನ ನಾಲ್ಕು ಲಕ್ಷದ ಹತ್ತಿರ ಸೇರಿ, ರಸ್ತೆ ಕಟ್ಟಿಹೋಗಿ, ಕಲಾವಿದರೇ ದಾರಿಯಲ್ಲಿ ಸಿಕ್ಕಿಬಿದ್ದರು. ಆಗ ಅಲ್ಲಿನವರು ಮಾಡಿದ್ದೇನು? ಸ್ಥಳದಲ್ಲಿದ್ದ ರಿಚೀ ಹೇವನ್ಸ್‌ನನ್ನು ವೇದಿಕೆ ಹತ್ತಿಸಿದರು. ತನ್ನಲ್ಲಿದ್ದ ಹಾಡೆಲ್ಲ ಮುಗಿದ ಮೇಲೆ ಆತ ನಿಂತಲ್ಲೇ ಹಾಡು ಕಟ್ಟಿ ಹಾಡಿದ. ಅಲ್ಲಿಯೂ ಉದ್ಘಾಟನಾ ಭಾಷಣ ಇತ್ತು, ಅದೂ ನಮ್ಮವರದ್ದೇ: ಕೊಯಮತ್ತೂರು ಸೀಮೆಯಲ್ಲಿ ಹುಟ್ಟಿದ ಸ್ವಾಮಿ ಸಚ್ಚಿದಾನಂದರದ್ದು. ಕೆಲವೇ ನಿಮಿಷ ಮಾತಾಡಿ ಮುಗಿಸಿದರು. ನಾಲ್ಕು ಲಕ್ಷ ಜನ ಎದುರಿಗಿದ್ದೂ ಕೆಲವೇ ನಿಮಿಷ! ನಮ್ಮ ಕಡೆ ಇಷ್ಟು ಜನರನ್ನು ಕಂಡ ಮೈಕು ಮೂರು ಚುನಾವಣೆಗೆ ಆಗುವಷ್ಟು ಮಾತಾಡಿಸದೆ ಕೆಳಗಿಳಿಸುವುದಿಲ್ಲ. ಅಲ್ಲಿ ಕಲಾವಿದ ಬರದಿದ್ದಾಗ ಇನ್ನೊಬ್ಬ ಕಲಾವಿದ ಹಾಡಿದ. ಇಲ್ಲಿ ಗಣ್ಯರು ಬರದಿದ್ದಾಗ ಕಲಾವಿದರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೊನೆಗೆ ಭಾಷಣಗಳು ಬರುತ್ತವೆ. ಪ್ರತಿಯೊಬ್ಬರೂ ‘ಬೀದರ್ ಕರ್ನಾಟಕದ ಕಿರೀಟ’ ಎಂದೇ ಆರಂಭಿಸುತ್ತಾರೆ. ಭೂಪಟದ ಮೇಲ್ತುದಿಯಲ್ಲಿರುವುದಕ್ಕೆ ಸಿಕ್ಕ ಬಿರುದು ಅದು. ಮೇಲಿರುವುದನ್ನೆಲ್ಲ ಕಿರೀಟ ಎನ್ನುವುದಾದರೆ ಮನೆಯ ಅಟ್ಟವೂ ಕಿರೀಟವೇ. ಹಬ್ಬಕ್ಕೊಮ್ಮೆ ಏಣಿ ಹಾಕಿ ಹತ್ತಿ ಪಾತ್ರೆ ಇಳಿಸಿಕೊಂಡು, ತೊಳೆದು, ಮತ್ತೆ ಮೇಲಿಡುವುದು. ಭಾಷಣ ಮಾಡಿದವರು ಆ ಏಣಿಯಲ್ಲೇ ಇಳಿದು ರಾತ್ರಿಯೇ ಹೈದರಾಬಾದಿಗೆ ಹೋಗಿ, ಅಲ್ಲಿಂದ ವಿಮಾನ ಹಿಡಿಯುತ್ತಾರೆ.

ಭಾಷಣದ ಬೆನ್ನಿಗೆ ಸನ್ಮಾನ. ಇಲ್ಲಿ ಹವಾಮಾನದ ಒಂದು ವಿಚಿತ್ರ ಕಾಣುತ್ತದೆ. ಜನವರಿಯ ಬೀದರ್ ಥಂಡಿ ಕರ್ನಾಟಕದಲ್ಲೇ ಹೆಸರಾದದ್ದು. ಪ್ರಸ್ಥಭೂಮಿಯ ಗಾಳಿ ಕೋಟೆಯ ಕೊತ್ತಲಗಳ ನಡುವೆ ನುಗ್ಗಿ, ಪ್ಲಾಸ್ಟಿಕ್ ಕುರ್ಚಿಯ ತೂತುಗಳಲ್ಲಿ ಹಾದು, ನೇರ ಬೆನ್ನುಹುರಿಗೆ ಬರುತ್ತದೆ. ಹಿಂದಿನ ಸಾಲಿನ ಅಜ್ಜಿ ಸೆರಗನ್ನು ಮೂರು ಸುತ್ತು ಸುತ್ತಿಕೊಂಡಿರುತ್ತಾಳೆ. ವೇದಿಕೆಯ ಮೇಲೆ ಕೋಟು, ಅದರೊಳಗೆ ಸ್ವೆಟರು, ಅದರೊಳಗೆ ಬನೀನು ಹಾಕಿದವರಿಗೆ ಒಂದರ ಮೇಲೊಂದು ಶಾಲು ಹೊದಿಸುತ್ತಾರೆ. ಹೊದಿಸಿದ ಶಾಲನ್ನು ಅವರು ಅಲ್ಲೇ ತೆಗೆದು ಹಿಂದಿದ್ದವನ ಕೈಗೆ ಕೊಡುತ್ತಾರೆ, ಸೆಖೆಯಾಗುತ್ತದಲ್ಲ. ಜೊತೆಗೆ ಬಿದರಿಯ ಸ್ಮರಣಿಕೆ. ಸತು-ತಾಮ್ರದ ಎರಕದ ಮೇಲೆ ಬೆಳ್ಳಿಯ ಎಳೆ ಕೂಡಿಸಿ, ಇದೇ ಕೋಟೆಯ ಹಳೆಯ ಮಣ್ಣಿನಿಂದ ಕಪ್ಪೇರಿಸಿದ ಕೆಲಸ ಅದು. 2023ರ ಜನವರಿಯ ಕೊನೆಯಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾಗಿ ಈ ಕಲೆಗೆ ದೆಹಲಿಯಲ್ಲಿ ಕುರ್ಚಿ ಸಿಕ್ಕಿತು. ಸ್ಮರಣಿಕೆ ಮಾಡುವ ಉಳಿದ ಕೈಗಳಿಗೆ ಉತ್ಸವಗಳಲ್ಲಿ ಸಿಗುವುದು ಮಳಿಗೆಯ ಸ್ಟೂಲು. ಕೋಟೆಯ ಮಣ್ಣು ವೇದಿಕೆ ಹತ್ತುತ್ತದೆ, ಅದನ್ನು ಅರಿದವನು ಕೆಳಗಿರುತ್ತಾನೆ.

ಈಗ ಗಡಿಯಾರ ನೋಡಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಸಬಹುದು. ನಿಯಮ ಒಳ್ಳೆಯದೇ. ಆದರೆ ಅದು ಡೆಸಿಬಲ್ ಅಳೆಯುತ್ತದೆಯೇ ಹೊರತು ಅದರೊಳಗೆ ಏನಿತ್ತೆಂದು ಕೇಳುವುದಿಲ್ಲ. ಹಾಗಾಗಿ ರಾತ್ರಿಯ ಪಾಲಿನ ಸದ್ದನ್ನೆಲ್ಲ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ನುಡಿ, ವಂದನಾರ್ಪಣೆಗಳು ಹಂಚಿಕೊಂಡು, ಮಿಕ್ಕದ್ದು ಸಂಗೀತಕ್ಕೆ. ಶಬ್ದ ಮಾಲಿನ್ಯ ನಿಂತು ಸಂಗೀತ ಶುರುವಾಗುವ ಹೊತ್ತಿಗೆ ಶಬ್ದ ಮಾಲಿನ್ಯದ ಅಧಿಕಾರಿ ಎದ್ದು ನಿಲ್ಲುತ್ತಾನೆ.

ಅಂತೂ ತಾರೆ ಬಂದರು. ‘ಹಲೋ ಬಿಡಾರ್!’ ಎಂದು ಕೂಗಿದರು. ನಮ್ಮ ಊರಿನ ಹೆಸರು ಶಿಬಿರದ ಡೇರೆಯಾಯಿತು. ಹುಡುಗರು ಕುರ್ಚಿಯ ಮೇಲೆ ಹತ್ತಿದರು. ಹಿಂದಿದ್ದವರು ಅವರ ಬೆನ್ನನ್ನೂ, ಬೆನ್ನಿನವರು ತಮ್ಮ ಮೊಬೈಲನ್ನೂ, ಮೊಬೈಲು ದೊಡ್ಡ ಪರದೆಯನ್ನೂ ನೋಡಿತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದವರು. ಇಂದಿನ ಉತ್ಸವಗಳು ಆ ಜಾಣತನವನ್ನು ಮಗುಚಿ ಹಾಕಿವೆ: ಹೊರಗಿನ ಕಮಾನಿನಲ್ಲಿ ‘ನೆಲಮೂಲ ಸಂಸ್ಕೃತಿ’, ಒಳಗೆ ಡಿಜೆ. ಸಿನಿಮಾ ಹಾಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಕುಣಿಯುವ ವಯಸ್ಸಿನವರು ಕುಣಿಯಲಿ. ಅದನ್ನು ಪರಂಪರೆಯ ಲೆಕ್ಕಕ್ಕೆ ಬರೆದು ಬಿಲ್ಲು ಮಾಡುವುದಷ್ಟೇ ಕಿವಿಗೆ ಅಪಸ್ವರ.

ಇದೇ ಹೊತ್ತಿಗೆ ಮುಂದೆ ನೋಡಿ. ಗಣ್ಯರು ಹೋಗಿಬಿಟ್ಟಿದ್ದಾರೆ. ಬಿಳಿ ಬಟ್ಟೆ ಹೊದ್ದ ಸೋಫಾಗಳು ಸಾಲಾಗಿ ಕೂತು ಸಂಗೀತ ಕೇಳುತ್ತಿವೆ. ಅವುಗಳ ಮುಂದಿನ ಟೀಪಾಯಿಯಲ್ಲಿ ತೆರೆಯದ ನೀರಿನ ಬಾಟಲಿ, ಮುಟ್ಟದ ಗೋಡಂಬಿ. ಅವುಗಳ ಹಿಂದೆ ಬ್ಯಾರಿಕೇಡು. ಅದರ ಹಿಂದೆ ಸಾವಿರಾರು ಜನ ಒಂಟಿ ಕಾಲಲ್ಲಿ. ಹೆಸರು ಬೇಡದ ಒಂದು ಉತ್ಸವದಲ್ಲಿ, ಸೋಫಾ ಖಾಲಿ ಇದೆಯಲ್ಲ, ಮುದುಕರನ್ನಾದರೂ ಕೂರಿಸಬಾರದೇ ಎಂದು ನಾನು ಕಾವಲಿಗಿದ್ದ ಹುಡುಗನನ್ನು ಕೇಳಿದೆ. ಆತ ಬಡವ, ನಮ್ಮವನೇ. “ಸಾಹೇಬ್ರು ತಿರುಗಿ ಬಂದ್ರ ಹ್ಯಾಂಗ್ರಿ?” ಎಂದ. ಸಾಹೇಬರು ಆಗ ಜಿಲ್ಲೆಯ ಗಡಿ ದಾಟಿದ್ದರು. ಆದರೆ ಅವರು ತಿರುಗಿ ಬಂದಾರು ಎಂಬ ಭಯ ಸೋಫಾದ ಮೇಲೆ ಕಾಲು ಚಾಚಿ ಕೂತಿತ್ತು.

ಇನ್ನು ಹೊಟ್ಟೆ, ನೀರು ಮತ್ತು ಉಳಿದದ್ದು. ಜೋಳದ ನಾಡಿನ ಉತ್ಸವದಲ್ಲಿ ಗೋಬಿ ಮಂಚೂರಿ ಧಾರಾಳ ಸಿಗುತ್ತದೆ. ರೊಟ್ಟಿಗೆ ಮಾತ್ರ ‘ಆಹಾರ ಮೇಳ’ ಎಂಬ ಪ್ರತ್ಯೇಕ ಮಳಿಗೆಯಲ್ಲಿ ಪ್ರದರ್ಶನದ ಯೋಗ. ಕಟ್ಟಿಕೊಂಡು ಹೋಗಿ: ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಗಂಡಸರಿಗೆ ಇಷ್ಟು ಸಾಕು. ಹೆಣ್ಣುಮಕ್ಕಳಿಗೆ ಸಾಲದು. ಅವರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟು ಉತ್ಸವಕ್ಕೆ ಬರುತ್ತಾರೆ, ಯಾಕೆಂದು ಸಮಿತಿಯಲ್ಲಿ ಯಾರೂ ಕೇಳುವುದಿಲ್ಲ. ವೇದಿಕೆಗೆ ಎಷ್ಟು ಬಣ್ಣದ ದೀಪ ಬೇಕೆಂದು ಚರ್ಚಿಸಿದ ಹೊತ್ತಿನ ಕಾಲು ಭಾಗ ಶೌಚಾಲಯಕ್ಕೆ ಎಷ್ಟು ದೂರ, ಅಲ್ಲಿ ನೀರಿದೆಯೇ, ದೀಪವಿದೆಯೇ ಎಂದು ಚರ್ಚಿಸಿದ್ದರೆ ಅರ್ಧ ಪ್ರೇಕ್ಷಕರು ಇನ್ನೂ ಎರಡು ಹಾಡು ಕೇಳುತ್ತಿದ್ದರು. ಆರು ಶತಮಾನದ ಹಿಂದೆ ನೆಲದಡಿ ಸುರಂಗ ಕೊರೆದು, ಕರೇಜ್ ಮಾಡಿ, ಕಲ್ಲುಗುಡ್ಡಕ್ಕೆ ನೀರು ತಂದ ಊರಿದು. ಮೂರು ದಿನಕ್ಕೆ ಒಂದು ನಲ್ಲಿ ತರುವುದು ಅಷ್ಟು ಕಷ್ಟವೇ?

ಮತ್ತು ‘ಹಾಗೂ ಸ್ಥಳೀಯ ಕಲಾವಿದರು’? ಅವರ ಹಾಡು ಮುಗಿದದ್ದು ಮಧ್ಯಾಹ್ನ, ಕುರ್ಚಿಗಳನ್ನು ಲಾರಿಯಿಂದ ಇಳಿಸುವಾಗ. ಬುಲಾಯಿ ಪದ ಹಾಡುವ ಹೆಂಗಸರು ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ಹಾಡಿದರು. ಮೈಕಿನವನು ನಡುನಡುವೆ ‘ಚೆಕ್, ಚೆಕ್’ ಎಂದು ತಾಳ ಹಾಕಿದ. ಚೆಕ್ಕು ಎಂಬುದು ಅವರ ಕಿವಿಗೆ ಬಿದ್ದದ್ದು ಅದೊಂದೇ ಸಲ. ಸಂಭಾವನೆಯ ಕಡತ ಮಳೆಗಾಲ ನೋಡಿ ಬರುತ್ತದೆ.

ಈ ಎಲ್ಲ ಕಷ್ಟ ಬಯಲಿನ ಸಂಗೀತಕ್ಕೆ ಅನಿವಾರ್ಯ ಎನ್ನುವವರು ಈ ಜಿಲ್ಲೆಯನ್ನು ಒಂದು ಸುತ್ತು ಹಾಕಲಿ. ಕೋಟೆಯಿಂದ ಕೂಗಳತೆಯಲ್ಲಿ ಅಷ್ಟೂರು. 1436ರಲ್ಲಿ ತೀರಿಕೊಂಡ ಅಹಮದ್ ಶಾ ವಲಿಯ ಗೋರಿ ಅಲ್ಲಿದೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಪ್ರತಿ ವರ್ಷದ ಉರುಸಿಗೆ ಕಲಬುರಗಿ ಜಿಲ್ಲೆಯ ಮಡಿಯಾಳದಿಂದ ಜಂಗಮರು ನಡೆದು ಬಂದು ಶಂಖ ಊದುತ್ತಾರೆ. ಕಾಲ್ನಡಿಗೆಯಲ್ಲಿ ಬರುವ ಮುಖ್ಯ ಅತಿಥಿ! ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಲ್ಲಿ ಮಹಾರಾಷ್ಟ್ರ, ತೆಲಂಗಾಣದವರೂ ಸೇರಿ ಭಂಡಾರ ಹಾರಿಸುತ್ತಾರೆ. ಅರಿಸಿನ ಮೆತ್ತಿದ ಮೇಲೆ ವಿಐಪಿ ಯಾರು, ಕುರಿ ಕಾಯುವವನು ಯಾರು ಎಂದು ಗುರುತು ಸಿಗುವುದಿಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಯ ದರ್ಬಾರಿಗೆ ಹಿಂದೂಸ್ತಾನಿ ಗಾಯಕರು ರಾತ್ರಿ ಕೂತರೆ ಏಳುವುದು ಬೆಳಕು ಹರಿದ ಮೇಲೆ. ಕನ್ನಡ, ಮರಾಠಿ, ಹಿಂದಿಯಲ್ಲಿ ಪದ ಕಟ್ಟಿದ ಮಾಣಿಕಪ್ರಭುಗಳ ಊರದು. ಭಾಷೆಗೊಂದು ಗ್ಯಾಲರಿ ಇಲ್ಲ. ಔರಾದಿನ ಅಮರೇಶ್ವರ ಜಾತ್ರೆಯಲ್ಲೂ ಯಾರೂ ಯಾರಿಗೂ ಪಾಸು ಕೇಳುವುದಿಲ್ಲ.

ಅಲ್ಲಿ ನೂಕುನುಗ್ಗಲಿಲ್ಲವೇ? ಇದೆ. ಧೂಳು? ಬೇಕಾದಷ್ಟು. ಆದರೂ ಜನ ಸಹಿಸಿಕೊಂಡು ಬರುವುದಿಲ್ಲ, ಖುಷಿಯಿಂದ ಬರುತ್ತಾರೆ. ಕಾರಣ ಸರಳ. ಜಾತ್ರೆಯಲ್ಲಿ ನೆರೆದವರೇ ಮನೆಯವರು. ಯಾರೋ ನೀರಿಡುತ್ತಾರೆ, ಯಾರೋ ಹುಗ್ಗಿ ಬಡಿಸುತ್ತಾರೆ, ಯಾರೋ ಕಂಬಳಿ ಸರಿಸಿ ಜಾಗ ಕೊಡುತ್ತಾರೆ. ಉತ್ಸವದಲ್ಲಿ ನೆರೆದವರು ಯಾರ ಮನೆಗೆ ಬಂದಿದ್ದೇವೆಂದು ತಿಳಿಯದ ಅತಿಥಿಗಳು. ಮನೆಯ ಯಜಮಾನರು ಬೇರೆ, ಅವರು ಊಟಕ್ಕೆ ಮೊದಲೇ ಎದ್ದು ಹೋಗಿದ್ದಾರೆ. ದುಡ್ಡು ಮಾತ್ರ ನಮ್ಮದು.

ಉತ್ಸವಗಳ ನಡುವಿನ ಬಿಡುವಿನ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಬಳಿ 1970ರಲ್ಲಿ ಮೈಕೆಲ್ ಈವಿಸ್ ಎಂಬ ಒಕ್ಕಲಿಗ ತನ್ನ ಹೊಲದಲ್ಲಿ ಹಾಡಿನ ಮೇಳ ಮಾಡಿದ. ಟಿಕೆಟ್ಟು ಒಂದು ಪೌಂಡು, ಹಾಲು ಪುಕ್ಕಟೆ. ಇಂದು ಅದು ಜಗತ್ತಿನ ದೊಡ್ಡ ಮೇಳಗಳಲ್ಲೊಂದು. ಆದರೂ ಕೆಲವು ವರ್ಷಕ್ಕೊಮ್ಮೆ ಅವರು ಮೇಳ ನಿಲ್ಲಿಸಿ ನೆಲವನ್ನು ಪಡ ಬಿಡುತ್ತಾರೆ. ತುಳಿದ ಹುಲ್ಲು ಚಿಗುರಲಿ, ದನಕ್ಕೆ ಮೇವಾಗಲಿ ಎಂದು. ಐದಾರು ವರ್ಷಕ್ಕೊಮ್ಮೆ ಅವರ ಬಿಡುವು, ಐದಾರು ವರ್ಷಕ್ಕೊಮ್ಮೆ ನಮ್ಮ ಉತ್ಸವ. ಪಡ ಬಿಡುವ ವಿದ್ಯೆಯಲ್ಲಿ ಇಂಗ್ಲೆಂಡಿನವರು ನಮ್ಮಿಂದ ಕಲಿಯುವುದು ಬಹಳ ಇದೆ.

ಮುಂದಿನ ಬಿತ್ತನೆ ಎಂದೋ ತಿಳಿಯದು, ಆದರೂ ಮನವಿ ಈಗಲೇ ಬರೆದಿಡೋಣ. ಒಂದು: ಭಾಷಣಗಳನ್ನು ಮಧ್ಯಾಹ್ನ ಎರಡಕ್ಕೆ, ಕುರ್ಚಿ ಇಳಿಸುವ ಹೊತ್ತಿಗೆ ಇಡಿ; ಮೈಕಿನ ಪರೀಕ್ಷೆಗೆ ಒಳ್ಳೆಯ ದನಿ ಬೇಕು, ಗಣ್ಯರ ದನಿಗಿಂತ ಒಳ್ಳೆಯದು ಎಲ್ಲಿದೆ? ಎರಡು: ಮೊದಲ ಹಾಡು ಶುರುವಾದ ಐದು ನಿಮಿಷಕ್ಕೆ ಖಾಲಿ ಸೋಫಾಗಳನ್ನು ಅರವತ್ತು ದಾಟಿದವರಿಗೂ ಬಸುರಿಯರಿಗೂ ಬಿಟ್ಟುಕೊಡಿ. ಮೂರು: ಕಡೆಯ ಹಾಡಿನ ನಂತರ ಭಾಲ್ಕಿಗೆ, ಔರಾದಿಗೆ, ಬಗದಲ್‌ಗೆ ಒಂದೊಂದು ಬಸ್ಸು ಬಿಡಿ, ಗಣ್ಯರ ಗಾಡಿಗಳ ಎಣ್ಣೆಯಲ್ಲಿ ಅದರ ಖರ್ಚು ಹೊರಟೀತು.

ನಾಲ್ಕನೆಯದು ಸಂವಿಧಾನದ ಮಾತು. 371(ಜೆ) ವಿಧಿ 2013ರಿಂದ ನಮ್ಮ ಭಾಗದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಕೊಟ್ಟಿದೆ. ರಾಜ್ಯದ ಬೇರೆ ಭಾಗದ ನೇಮಕಾತಿಯಲ್ಲೂ ನೂರಕ್ಕೆ 8 ನಮ್ಮ ಪಾಲು. ಅದೇ ಎಂಟನ್ನು ಸೂರ್ಯಾಸ್ತದ ನಂತರದ ವೇದಿಕೆಗೂ ಹಚ್ಚಿ. ಮೂರು ಸಂಜೆ, 7ರಿಂದ 10ರವರೆಗೆ, ಒಟ್ಟು 9 ತಾಸು. ನೂರಕ್ಕೆ 8 ಎಂದರೆ 43 ನಿಮಿಷ. ನಮ್ಮದೇ ಕೋಟೆಯಲ್ಲಿ, ನಮ್ಮದೇ ಹೆಸರಿನ ಉತ್ಸವದಲ್ಲಿ, ದೀಪದ ಬೆಳಕಿನಲ್ಲಿ 43 ನಿಮಿಷ. ಇಷ್ಟು ಕೇಳುವುದು ದುರಾಸೆಯಾದರೆ 40ಕ್ಕೆ ಒಪ್ಪುತ್ತೇವೆ. ಉಳಿದ ಮೂರು ನಿಮಿಷದಲ್ಲಿ ಸಚ್ಚಿದಾನಂದರ ಅಳತೆಯ ಒಂದು ಭಾಷಣ ಆಗಲಿ.

ಕೊನೆಯದು ಶಾಲು. ಅದರ ಬಜೆಟ್ಟಿಗೆ ಯಾರೂ ಕೈ ಹಚ್ಚಬೇಡಿ. ಎಷ್ಟು ಬೇಕೋ ಅಷ್ಟು ತರಿಸಿ, ಹೂವಿನ ಹಾರವನ್ನೂ ತರಿಸಿ. ಹೊದಿಸುವಾಗ ಮಾತ್ರ ಹಿಂದಿನ ಸಾಲಿನಿಂದ ಶುರು ಮಾಡಿ.